ಪೆನ್ಸಿಲ್ ಗೆರೆಯಿಂದ ಸೋಲಾರ್ ಫಲಕದವರೆಗೆ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



"ಕಾಗದದಷ್ಟು ತೆಳ್ಳಗಿನ ಸೋಲಾರ್ ಬರುತ್ತದಂತೆ. ಈಗಲೇ ಹಾಕಿಸುವುದೋ, ಕಾಯುವುದೋ?" ಊರಿನಲ್ಲಿ ಹಲವರು ಕೇಳುವ ಪ್ರಶ್ನೆ ಇದು. ಕೇಳುವುದಕ್ಕೆ ಕಾರಣವೂ ಇದೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಬಯಲು ಸಿಕ್ಕಿತು. ಪುತ್ತೂರು, ಸುಳ್ಯ, ಕಡಬದಲ್ಲಿ ಗುಡ್ಡ, ಕಾಡು, ಅಡಿಕೆ ತೋಟ ಬಿಟ್ಟರೆ ಉಳಿಯುವುದು ಮನೆಯ ಮಾಡು ಮಾತ್ರ. ಹಳೆಯ ಹಂಚಿನ ಮಾಡಾದರೆ, ಒಂದೊಂದೂ 20 ಕಿಲೋ ದಾಟುವ ಫಲಕಗಳನ್ನು ಹೊರುವುದು ಕಷ್ಟ. ಹಗುರದ ಫಲಕ ನಮಗೆ ನಿಜವಾಗಿಯೂ ಬೇಕು.

ಈ ತೆಳ್ಳಗಿನ ವಸ್ತುಗಳ ಗುಟ್ಟು ನಿಮ್ಮ ಕಂಪಾಸಿನಲ್ಲೇ ಇದೆ. ಪೆನ್ಸಿಲ್ಲಿನ ಗ್ರಾಫೈಟ್ ಎಂದರೆ ಇಂಗಾಲದ ಪದರಗಳ ಅಟ್ಟಿ. ಬರೆಯುವಾಗ ಪದರಗಳು ಜಾರಿ ಕಾಗದಕ್ಕೆ ಹತ್ತುತ್ತವೆ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗಮ್ ಟೇಪಿನಿಂದಲೇ ಗ್ರಾಫೈಟನ್ನು ಸುಲಿಯುತ್ತಾ ಹೋಗಿ, ಒಂದೇ ಪರಮಾಣು ದಪ್ಪದ ಪದರವನ್ನು ಬೇರ್ಪಡಿಸಿದರು. ಅದೇ ಗ್ರಾಫೀನ್. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆದರೆ ಬೆಳಕನ್ನು ವಿದ್ಯುತ್ತಾಗಿಸಲು ಅರೆವಾಹಕ ಬೇಕು. ಗ್ರಾಫೀನ್ ಉತ್ತಮ ವಾಹಕವೇ ಹೊರತು ಅರೆವಾಹಕವಲ್ಲ. ಆ ಕೆಲಸಕ್ಕೆ ಒದಗುವುದು ಮಾಲಿಬ್ಡಿನಮ್ ಡೈಸಲ್ಫೈಡ್. ಗ್ಯಾರೇಜಿನ ಕಪ್ಪು ಗ್ರೀಸಿಗೆ ಸೇರಿಸುವುದೂ ಇದನ್ನೇ. ಅದರ ಪದರಗಳೂ ಹಾಗೆಯೇ ಜಾರುತ್ತವೆ. ಒಂದು ಪದರದ ದಪ್ಪ ಸುಮಾರು 0.65 ನ್ಯಾನೋಮೀಟರ್. ಇಂದಿನ ಸಿಲಿಕಾನ್ ಬಿಲ್ಲೆಯ ದಪ್ಪಕ್ಕೆ ಸರಿಗಟ್ಟಲು ಇಂಥ ಸುಮಾರು ಎರಡು ಲಕ್ಷ ಪದರ ಬೇಕು. ಅಷ್ಟು ತೆಳುವಾದರೂ ಒಂದು ಪದರ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ. 5ರಿಂದ 10ರಷ್ಟನ್ನು ಹೀರಬಲ್ಲದು ಎಂದು 2013ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಹಾಗಾದರೆ ಅಂಗಡಿಯಲ್ಲಿ ಏಕಿಲ್ಲ? ಒಂದು ಚೂರು ಪದರ ಮಾಡುವುದು ಸುಲಭ. ಚಾಪೆಯಷ್ಟು ಅಗಲಕ್ಕೆ ದೋಷವಿಲ್ಲದೆ ಬೆಳೆಸುವುದು ಕಷ್ಟ. ಹುಟ್ಟಿದ ವಿದ್ಯುತ್ತನ್ನು ಲೋಹದ ತಂತಿಗೆ ಸೋರದಂತೆ ದಾಟಿಸುವುದು ಇನ್ನೂ ಕಷ್ಟ. ಮಾರುಕಟ್ಟೆಯ ಸಿಲಿಕಾನ್ ಫಲಕದ ದಕ್ಷತೆ ಶೇ. 20 ದಾಟಿದೆ. ಈ ಪದರಗಳ ಕೋಶಗಳು ಪ್ರಯೋಗಾಲಯದಲ್ಲೂ ಬಹುತೇಕ ಒಂದಂಕಿಯಲ್ಲೇ ಇವೆ.

ಆದ್ದರಿಂದ ಹಿರಿಯರಿಗೆ ನನ್ನ ಉತ್ತರ: ಗಟ್ಟಿ ಮಾಡು, ಒಳ್ಳೆ ಬಿಸಿಲು ಇದ್ದರೆ ಕಾಯಬೇಡಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಹಾಕಿಸುವ ಮೊದಲು ನೆರಳು ನೋಡಿ. ಒಂದು ತೆಂಗಿನ ಮಡಲಿನ ನೆರಳು ಬಿದ್ದರೂ ಸಾಕು, ಸಾಲಾಗಿ ಜೋಡಿಸಿದ ಫಲಕಗಳ ವಿದ್ಯುತ್ ಕುಗ್ಗುತ್ತದೆ. "ಗ್ರಾಫೀನ್ ಸೋಲಾರ್" ಎಂದು ಯಾರಾದರೂ ಹೆಚ್ಚು ಹಣ ಕೇಳಿದರೆ, ದಕ್ಷತೆ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂದು ಬರಹದಲ್ಲಿ ಕೇಳಿ.

ಮಕ್ಕಳಿಗೆ ಬೇರೆ ಮಾತು. ನಮ್ಮೂರಲ್ಲಿ ಅಂಕ ಚೆನ್ನಾಗಿ ಬಂದರೆ ಇಂಜಿನಿಯರಿಂಗ್, ಇಲ್ಲವೇ ಮೆಡಿಕಲ್. ನಾನೂ ಬಿ.ಇ. ಮುಗಿಸಿ ಸಾಫ್ಟ್‌ವೇರಿಗೆ ಹೋದವನು. ಆದರೆ ಈ ಹಗುರದ ಫಲಕ ಬರಬೇಕಾದರೆ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರೂ ಬೇಕು. ಕನ್ನಡದಲ್ಲೇ ಶಾಲೆ ಓದಿ, ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಮಾಡಿದ ಸಿ.ಎನ್.ಆರ್. ರಾವ್ ಭಾರತರತ್ನರಾದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ಗ್ರಾಫೀನ್, ಮಾಲಿಬ್ಡಿನಮ್ ಡೈಸಲ್ಫೈಡ್ ಎರಡರ ಮೇಲೂ ಕೆಲಸ ಮಾಡಿದೆ. ನಮ್ಮ ಮಕ್ಕಳಲ್ಲಿ ಒಬ್ಬರು "ನಾನು ಬಿ.ಎಸ್ಸಿ. ಮಾಡುತ್ತೇನೆ" ಎಂದರೆ ಹೆತ್ತವರು ಬೇಸರಪಡಬೇಡಿ. ಹಳೆ ವಿದ್ಯಾರ್ಥಿಗಳಾದ ನಾವು ಅಂಥವರ ಓದಿನ ಖರ್ಚಿಗೆ ಕೈಜೋಡಿಸೋಣ.