ಪರಿಚಯವೆಂಬ ಬಂಡವಾಳ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಈ ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಹಲವರ ಬಳಿ ಇದ್ದುದು ಒಂದು ಟ್ರಂಕು, ಜೇಬಿನಲ್ಲೊಂದು ವಿಳಾಸ, ಇಷ್ಟೇ. ಆ ವಿಳಾಸವೇ ಅವರ ಆಸ್ತಿ. ಮಾತುಂಗದಲ್ಲೋ ಕೋಟೆಯಲ್ಲೋ ಉಡುಪಿ ಹೋಟೆಲು ನಡೆಸುತ್ತಿದ್ದ ಊರವರೊಬ್ಬರು ಹುಡುಗನಿಗೆ ಊಟ, ಮಲಗಲು ಜಾಗ, ಲೋಟ ತೊಳೆಯುವ ಕೆಲಸ ಕೊಡುತ್ತಿದ್ದರು. ರಾತ್ರಿ ಅದೇ ಹುಡುಗ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಪಾಠ ಕೇಳುತ್ತಿದ್ದ. ಹಾಗೆ ಓದಿದವರು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಸ್ವಂತ ಹೋಟೆಲು ತೆರೆದರು. ಈ ಕಥೆಯಲ್ಲಿ ಹುಡುಗಿಯರು ಬಹುಮಟ್ಟಿಗೆ ಇಲ್ಲವೆಂಬುದನ್ನೂ ಹೇಳಬೇಕು.

ಸಮಾಜಶಾಸ್ತ್ರಜ್ಞರು ಇದನ್ನು ಸಾಮಾಜಿಕ ಬಂಡವಾಳವೆನ್ನುತ್ತಾರೆ. ಹೆಸರಿಗಿಂತ ವಸ್ತು ಹಳೆಯದು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರು ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಇದೇ ನಗರದಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಇಂದು ಅದು ದೊಡ್ಡ ಬ್ಯಾಂಕು. 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತರ ಸಹಕಾರಿ ವಸತಿ ಸಂಘವೂ ಎದ್ದಿತು. ಅಡವಿಡಲು ಭೂಮಿಯಿಲ್ಲದ ಸಂಬಳಗಾರನಿಗೆ ಅವನನ್ನು ಬಲ್ಲ ನಾಲ್ವರ ನಂಬಿಕೆಯೇ ಜಾಮೀನು.

ಆದರೆ ಆಪ್ತರಷ್ಟೇ ಸಾಲರು. ಅಮೆರಿಕದ ಮಾರ್ಕ್ ಗ್ರಾನೊವೆಟರ್ ಎಂಬ ವಿದ್ವಾಂಸರು 1973ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಬಾಸ್ಟನ್ ಬಳಿ ಪರಿಚಯದಿಂದ ಕೆಲಸ ಪಡೆದವರನ್ನು, 'ನಿಮಗೆ ಸುದ್ದಿ ತಿಳಿಸಿದವರನ್ನು ಎಷ್ಟು ಸಲ ಕಾಣುತ್ತಿದ್ದಿರಿ?' ಎಂದು ಅವರು ಕೇಳಿದ್ದರು. ಆಗಾಗ ಕಾಣುತ್ತಿದ್ದೆವು ಎಂದವರು ನೂರಕ್ಕೆ ಸುಮಾರು 17 ಮಾತ್ರ. ಮಿಕ್ಕವರಿಗೆ ನೆರವಾದವರು ಎಂದೋ ಒಮ್ಮೆ ಭೇಟಿಯಾಗುವವರು. ಕಾರಣ ಸರಳ: ನಮ್ಮ ಆಪ್ತರಿಗೆ ಗೊತ್ತಿರುವುದು ಹೆಚ್ಚಾಗಿ ನಮಗೂ ಗೊತ್ತಿರುತ್ತದೆ; ಹೊಸ ಸುದ್ದಿ ದೂರದವರಿಂದ ಬರುತ್ತದೆ.

ಈಗ ನಮ್ಮ ಸಭೆಗಳನ್ನೇ ನೋಡಿ. ಜಿಲ್ಲೆಗೊಂದು ಸಾಲು, ಜಾತಿಗೊಂದು ಪಂಕ್ತಿ. ಮೊಬೈಲ್ ಗುಂಪಿನಲ್ಲಿ ದಿನವೂ ಶುಭೋದಯ ಬರುತ್ತದೆ, ಖಾಲಿಯಿರುವ ಹುದ್ದೆಯ ಸುದ್ದಿ ಬರುವುದಿಲ್ಲ! ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆಯಿಂದ ಕಟ್ಟಡದ ಕೂಲಿಗೆ ಬಂದವರೂ ಕನ್ನಡಿಗರೇ ತಾನೆ? ಅವರ ಜೇಬಿನಲ್ಲಿ ನಮ್ಮಲ್ಲಿ ಯಾರ ವಿಳಾಸವಿದೆ? ಹತ್ತನೆಯ ತರಗತಿ ಮುಗಿಸಿದ ಅವರ ಮಗಳಿಗೆ ಯಾವ ಕಾಲೇಜು, ಯಾವ ವಿದ್ಯಾರ್ಥಿವೇತನ, ಯಾವ ದಿನಾಂಕದೊಳಗೆ ಅರ್ಜಿ ಎಂದು ಹೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ನಮ್ಮ ಮಕ್ಕಳಿಗೆ ಅದನ್ನು ಚಿಕ್ಕಪ್ಪನೋ ಅತ್ತೆಯೋ ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ.

ಆದುದರಿಂದ ನನ್ನದೊಂದು ಬಿನ್ನಹ. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವನ್ನಿಟ್ಟಿದ್ದೇನೆ. ನಿಮ್ಮ ಹೆಸರು, ವೃತ್ತಿ, ಯಾವ ವಿಷಯದಲ್ಲಿ ಹೊಸಬರಿಗೆ ದಾರಿ ಹೇಳಬಲ್ಲಿರಿ ಎಂಬುದನ್ನು ಬರೆಯಿರಿ. ನರ್ಸು, ಇಲೆಕ್ಟ್ರೀಷಿಯನ್, ಲೆಕ್ಕಿಗ, ಶಿಕ್ಷಕಿ ಎಲ್ಲರೂ ಬರೆಯಬೇಕು. ಬರುವ ಭಾನುವಾರದಿಂದ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಆ ಪುಸ್ತಕದೊಡನೆ ನಾನು ಸಂಘದ ಕಚೇರಿಯಲ್ಲಿ ಕುಳಿತಿರುತ್ತೇನೆ. ಊಟಕ್ಕೆ ಏಳುವ ಮುನ್ನ ಬರೆದರೆ ಒಳ್ಳೆಯದು. ಊಟವಾದ ಮೇಲೆ ಯಾರೂ ನಿಲ್ಲುವುದಿಲ್ಲ.