ಒಮ್ಮೆ ಆಪರೇಶನ್ ಆದ ಮೇಲೂ ಸೋರಿದರೆ
(ಸಂಘದ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸಿನ ಮಾತಾಡುವ ಈ ವೇದಿಕೆಯಲ್ಲಿ ಇವನು ಹೆಂಗಸರ ಕಾಯಿಲೆಯ ಮಾತನ್ನೇಕೆ ತೆಗೆದ ಎಂದು ಕೆಲವರಿಗೆ ಅನ್ನಿಸಬಹುದು. ಕೆಮ್ಮಿದರೆ, ಸೀನಿದರೆ, ನೀರಿನ ಕೊಡ ಎತ್ತಿದರೆ ತಡೆಯಲಾಗದೆ ಮೂತ್ರ ಸೋರುವುದು ನಮ್ಮ ಎಷ್ಟೋ ಖೋಲಿಗಳಲ್ಲಿ ಬಚ್ಚಿಟ್ಟ ಕಷ್ಟ. ಹೆರಿಗೆ, ವಯಸ್ಸು, ಭಾರದ ದುಡಿಮೆ ಇವುಗಳಿಂದ ಮೂತ್ರದ ಚೀಲವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಸಡಿಲವಾಗುತ್ತವೆ. ಸಂಸಾರಕ್ಕಾಗಿ ಸವೆದ ಮೈ ಅದು. ಇದರಲ್ಲಿ ನಾಚಿಕೆಯೇನು?

ಒಮ್ಮೆ ಆಪರೇಶನ್ ಮಾಡಿಸಿಕೊಂಡೂ ಗುಣ ಕಾಣದ ತಾಯಂದಿರ ಬಗ್ಗೆ ಇಂದು ಹೇಳಬೇಕಾಗಿದೆ. ಮತ್ತೆ ಸೋರಲು ತೊಡಗಿದಾಗ ಒಬ್ಬರು ಹಣೆಬರಹವೆಂದು ಸುಮ್ಮನಾಗಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇನ್ನೊಬ್ಬರು ಸಾಲ ಎತ್ತಿ ಕೂಡಲೇ ಎರಡನೆಯ ಆಪರೇಶನ್ನಿಗೆ ಹೊರಡುತ್ತಾರೆ. ಎರಡೂ ಬೇಡ.

ಮೋರಿಯ ನಲ್ಲಿ ವಾಷರ್ ಬದಲಿಸಿದ ಮೇಲೂ ತೊಟ್ಟಿಕ್ಕಿದರೆ, ಬಲ್ಲ ಮಿಸ್ತ್ರಿ ಎಲ್ಲಿಂದ ಸೋರುತ್ತಿದೆ ಎಂದು ಮೊದಲು ನೋಡುತ್ತಾನೆ. ಇಲ್ಲಿಯೂ ಹಾಗೆಯೇ. ಕೆಮ್ಮಿದಾಗ ಸೋರುವುದು ಒಂದು ಬಗೆ. ಒಮ್ಮೆಲೇ ಅವಸರವಾಗಿ, ಸಂಡಾಸಿಗೆ ಹೋಗುವಷ್ಟರಲ್ಲಿ ಸೋರುವುದು ಇನ್ನೊಂದು ಬಗೆ. ಮೊದಲ ಆಪರೇಶನ್ ಆದ ಮೇಲೆ ಇದು ಹೊಸದಾಗಿ ಬರುವುದೂ ಉಂಟು. ಇದಕ್ಕೆ ಔಷಧ ಮತ್ತು ಅಭ್ಯಾಸ ಬೇಕು, ಅದೇ ಆಪರೇಶನ್ನನ್ನು ಮತ್ತೆ ಮಾಡಿ ಫಲವಿಲ್ಲ. ಹಗಲು ರಾತ್ರಿ ಎಡೆಬಿಡದೆ ಸೋರಿದರೆ ಒಳಗೆ ತೂತು ಬಿದ್ದಿರಬಹುದು, ತಡಮಾಡದೆ ತೋರಿಸಬೇಕು. ಆದ್ದರಿಂದ ಮೂತ್ರ ಪರೀಕ್ಷೆಯನ್ನೂ, ತೆಳು ನಳಿಕೆ ಹಾಕಿ ಚೀಲದ ಒತ್ತಡ ಅಳೆಯುವ ಪರೀಕ್ಷೆಯನ್ನೂ ಮಾಡಿಸದೆ ಎರಡನೆಯ ಆಪರೇಶನ್ನಿಗೆ ಒಪ್ಪಬೇಡಿ.

ಮೊದಲ ಆಪರೇಶನ್ನಿನ ಕಾಗದ ಪಗಾರ ಚೀಟಿಯಷ್ಟೇ ಮುಖ್ಯ. ಆಗ ಏನು ಮಾಡಿದ್ದರು? 1961ರಲ್ಲಿ ಅಮೆರಿಕದ ಡಾಕ್ಟರ್ ಬರ್ಚ್ ಹೇಳಿಕೊಟ್ಟ ಹೊಲಿಗೆಯೇ? 1990ರ ದಶಕದಲ್ಲಿ ಸ್ವೀಡನ್ನಿನ ಡಾಕ್ಟರ್ ಉಲ್ಮ್‌ಸ್ಟೆನ್ ಬಳಕೆಗೆ ತಂದ ಪ್ಲಾಸ್ಟಿಕ್ ಪಟ್ಟಿಯೇ? ಆ ಪಟ್ಟಿಯಿಂದ ಬಹಳ ಮಂದಿಗೆ ಗುಣವಾಗಿದೆ. ಕೆಲವರಿಗೆ ಅದು ಒಳಗೇ ಕೊರೆದು ನೋವು ಕೊಟ್ಟಿದೆ. ಬ್ರಿಟನ್ನಿನ ಹೆಂಗಸರು ಒಟ್ಟಾಗಿ ದನಿ ಎತ್ತಿದ್ದರಿಂದ ಇಂಗ್ಲೆಂಡಿನಲ್ಲಿ 2018ರ ಜುಲೈಯಲ್ಲಿ ಅದರ ಬಳಕೆಯನ್ನು ತಡೆಹಿಡಿದರು. ಸಂಘಟನೆಯ ಬಲ ಅಲ್ಲಿಯೂ ಕೆಲಸ ಮಾಡಿತು.

ಎರಡನೆಯ ಸಲಕ್ಕೆ ಹಲವು ದಾರಿಗಳಿವೆ: ಹೊಟ್ಟೆಯ ಗೋಡೆಯಿಂದ ತೆಗೆದ ನಮ್ಮದೇ ಮಾಂಸಪಟ್ಟಿಯ ಆಸರೆ, ಹೊಲಿಗೆ, ಮತ್ತೊಂದು ಪಟ್ಟಿ, ಮೂತ್ರನಾಳದ ಸುತ್ತ ಚುಚ್ಚುಮದ್ದು. ಹಳೆಯ ಗಾಯದ ಗಂಟಿರುವುದರಿಂದ ಕೆಲಸ ಕಷ್ಟ. ಗುಣವಾಗುವ ಭರವಸೆಯೂ ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆ. ಪಟ್ಟಿ ಸೋತವರಿಗೆ ಇವುಗಳಲ್ಲಿ ಯಾವುದು ಮೇಲೆಂದು ನಿರ್ಧರಿಸಲು ಸಾಕಷ್ಟು ಪ್ರಯೋಗಗಳೇ ನಡೆದಿಲ್ಲವೆಂದು 2019ರ ಒಂದು ವೈದ್ಯಕೀಯ ಸಮೀಕ್ಷೆ ಹೇಳಿತು. ಆದ್ದರಿಂದ “ಗ್ಯಾರಂಟಿ” ಎನ್ನುವವರನ್ನು ನಂಬಬೇಡಿ. ಇಂಥ ಆಪರೇಶನ್ ಎಷ್ಟು ಮಾಡಿದ್ದೀರಿ, ಏನು ಹಾಕುತ್ತೀರಿ, ತೊಂದರೆಯಾದರೆ ಯಾರು ನೋಡುತ್ತಾರೆ ಎಂದು ಕೇಳಿ. ಕೇಳುವುದು ಅಧಿಕಪ್ರಸಂಗವಲ್ಲ, ಹಕ್ಕು.

ಖರ್ಚಿಲ್ಲದ ಉಪಾಯವೂ ಒಂದಿದೆ. ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು 1948ರಲ್ಲೇ ಡಾಕ್ಟರ್ ಕೆಗಲ್ ಬರೆದು ತಿಳಿಸಿದ್ದರು. ಸರಿಯಾದ ಕ್ರಮವನ್ನು ದವಾಖಾನೆಯಲ್ಲಿ ಕಲಿತು, ಸಲಕ್ಕೆ ಎಂಟರಂತೆ ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು ಮಾಡಿರಿ. ಕೆಲವರಿಗೆ ಇಷ್ಟರಿಂದಲೇ ಸೋರುವುದು ಹತೋಟಿಗೆ ಬರುತ್ತದೆ. ನೀರು ಮಾತ್ರ ಬಿಡಬೇಡಿ. ಮೂತ್ರ ಗಟ್ಟಿಯಾದರೆ ಉರಿ ಹೆಚ್ಚುತ್ತದೆ.

ಗಂಡಸರಿಗೆ ಒಂದು ಮಾತು. ಇ.ಎಸ್.ಐ. ಕಾರ್ಡಿನಲ್ಲಿ ಹೆಂಡತಿಯ ಹೆಸರು ಇದೆಯೇ ಎಂದು ಇಂದೇ ನೋಡಿರಿ. ಆ ಚಿಕಿತ್ಸೆ ಅವರಿಗೂ ಸಲ್ಲುತ್ತದೆ. ಆಪರೇಶನ್ ಆಗಿ ಬಂದವರು ಕೆಲವು ವಾರ ಭಾರ ಎತ್ತುವಂತಿಲ್ಲ. ಆಗ ಚಾಳಿನ ನಲ್ಲಿಯಿಂದ ಕೊಡ ಹೊರುವವರು ನೀವೇ ಆಗಬೇಕು. ಮೊದಲ ಆಪರೇಶನ್ ಉಳಿಯುವುದಕ್ಕೂ ಎರಡನೆಯದು ಫಲಿಸುವುದಕ್ಕೂ ಈ ಸಹಾಯ ಬೇಕು.

ತಾಯಂದಿರೇ, ಹೇಳಿಕೊಳ್ಳಲು ಸಂಕೋಚವಾದರೆ ಸಂಘದ ಅಕ್ಕಂದಿರಲ್ಲಿ ಹೇಳಿರಿ. ಕಾಗದ ಓದಿಸಲು, ದವಾಖಾನೆಗೆ ಜೊತೆಗೆ ಬರಲು ಜನರಿದ್ದಾರೆ.