ಮಕ್ಕಳ ಮಾತು ಮತ್ತು ಹಬ್ಬದ ತಟ್ಟೆ

(ಆಗಮನ ಕಾಲದಲ್ಲಿ ಧರ್ಮಕೇಂದ್ರದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಹಿರಿಯರ ತ್ಯಾಗ, ಪರಿಶ್ರಮಗಳನ್ನು ಕುರಿತು ಅನೇಕರು ಮಾತನಾಡಿದ್ದಾರೆ. ಅದು ಯುಕ್ತವೇ ಸರಿ. ಇಂದು ನಾವು ಹೇಳಬಯಸುವುದು ಕಿರಿಯರನ್ನು ಕುರಿತು. ಅವರಿಂದ ನಾವು ಕಲಿತ ಒಂದು ಪಾಠವನ್ನು ಕುರಿತು. ಅದನ್ನು ಹೇಳುವಾಗ ಸ್ವಲ್ಪ ನಾಚಿಕೆಯೂ ಆಗುತ್ತದೆ. ಆದರೂ ದೇವರ ಆಲಯದ ಅಂಗಳದಲ್ಲಿ ನಿಂತು ಮುಚ್ಚಿಡುವುದು ಸಲ್ಲದು.

ಕ್ರಿಸ್ಮಸ್ ಬಂತೆಂದರೆ ನಮ್ಮ ಮನೆಗಳಲ್ಲಿ ಕುಸ್ವಾರಿನ ಸಂಭ್ರಮ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಎಳ್ಳಿನ ಲಾಡುಗಳನ್ನು ಮನೆಮಂದಿಯೆಲ್ಲ ಕುಳಿತು ಮಾಡುವುದು, ತಟ್ಟೆಗಳಲ್ಲಿ ಜೋಡಿಸಿ ಬಟ್ಟೆ ಹೊದಿಸಿ ನೆರೆಹೊರೆಗೆ ಕಳುಹಿಸುವುದು ಹಿಂದಿನಿಂದಲೂ ಬಂದ ಪದ್ಧತಿ. ನಮ್ಮ ಹಿರಿಯಡ್ಕದ ಆಸುಪಾಸಿನಲ್ಲಿ ಹಿಂದೂ, ಜೈನ, ಮುಸಲ್ಮಾನ ಬಂಧುಗಳು ಒಂದೇ ಓಣಿಯಲ್ಲಿ ಬಾಳುತ್ತಿದ್ದಾರೆ. ದೀಪಾವಳಿಗೆ ಅವರ ಮನೆಯ ಅವಲಕ್ಕಿ, ನಮ್ಮ ಹಬ್ಬಕ್ಕೆ ನಮ್ಮ ಮನೆಯ ನೆವ್ರಿ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಕ್ರಮ ಯಾವ ಮನೆಯಲ್ಲಿಯೂ ಇಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕ್ರಿಸ್ಮಸ್ಸಿನ ಹಿಂದಿನ ದಿನ ನಮ್ಮ ಮನೆಯ ಮೇಜಿನ ಮೇಲೆ ತಟ್ಟೆಗಳು ಸಾಲಾಗಿದ್ದವು. ಅವನ್ನು ಜೋಡಿಸಿದವರು ನಾವೇ. ಒಂದು ತಟ್ಟೆ ನಮಗೆ ಮುಂದೆ ಬೇಕಾಗಬಹುದಾದ ಅಧಿಕಾರಿಯೊಬ್ಬರಿಗೆ. ಅದರಲ್ಲಿ ಚೆಂದದ ನೆವ್ರಿಗಳು, ಮೇಲೆ ಪೇಟೆಯಿಂದ ತಂದ ಕೇಕು. ಕೊನೆಯ ತಟ್ಟೆ, ನಮ್ಮ ಗದ್ದೆಯಲ್ಲಿ ಬಹುಕಾಲ ನೇಜಿ ನೆಟ್ಟು ಈಗ ಮುಪ್ಪಿನಿಂದ ಮನೆಯಲ್ಲಿಯೇ ಇರುವ ವೃದ್ಧೆಯೊಬ್ಬರಿಗೆ. ಅದರಲ್ಲಿ ಬಾಯಿಬಿಟ್ಟ ನೆವ್ರಿ, ಮುರಿದ ಕೊಕ್ಕಿಸಾಂ. ಹೀಗೆ ಬೇರ್ಪಡಿಸುವಾಗ ನಮ್ಮ ಮನಸ್ಸಿಗೆ ಏನೂ ಅನಿಸಲಿಲ್ಲ ಎಂಬುದನ್ನೇ ಮೊದಲು ಒಪ್ಪಿಕೊಳ್ಳಬೇಕಾಗಿದೆ.

ಆರು ವರ್ಷದ ಮೊಮ್ಮಗಳೊಡನೆ ಆ ವೃದ್ಧೆಯ ಮನೆಗೆ ಹೋದೆವು. ಮಗು ತಟ್ಟೆಯನ್ನು ಅವರ ಕೈಗಿಟ್ಟು, ಯಾರೂ ಕೇಳದೆಯೇ ಹೇಳಿತು: "ಅಜ್ಜಿ, ಇದರಲ್ಲಿ ತುಂಡಾದದ್ದು ಮಾತ್ರ ಉಂಟು. ಚಂದದ್ದೆಲ್ಲ ದೊಡ್ಡ ಮನೆಗೆ ಹೋಯಿತು."

ನಮ್ಮ ನಾಲಗೆ ಒಣಗಿತು. ಆ ತಾಯಿ ಮಾತ್ರ ಮಗುವಿನ ಕೆನ್ನೆ ಸವರಿ ನಕ್ಕರು. "ಹಲ್ಲಿಲ್ಲದ ನನಗೆ ತುಂಡೇ ಸುಲಭ ಮಗಾ" ಎಂದರು. ಒಳಗೆ ಹೋಗಿ ತಟ್ಟೆಯನ್ನು ತೊಳೆದು, ಹಿತ್ತಿಲಿನ ಬಾಳೆಗೊನೆಯಿಂದ ಚೆನ್ನಾಗಿ ಹಣ್ಣಾದವುಗಳನ್ನೇ ಆರಿಸಿ ತುಂಬಿ ಕೊಟ್ಟರು. ಕಪ್ಪಾದ ಒಂದು ಹಣ್ಣೂ ಅದರಲ್ಲಿ ಇರಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ಆ ತಟ್ಟೆ ನಮ್ಮ ಕೈಯಲ್ಲಿ ಬಹಳ ಭಾರವಾಗಿತ್ತು.

ಪ್ರಿಯರೇ, ಮಗು ನಮ್ಮನ್ನು ದೂಷಿಸಲಿಲ್ಲ. ಕಂಡದ್ದನ್ನು ಹೇಳಿತು, ಅಷ್ಟೆ. ಮಕ್ಕಳಂತೆ ಆಗದ ಹೊರತು ಸ್ವರ್ಗರಾಜ್ಯದ ಪ್ರವೇಶವಿಲ್ಲವೆಂದು ಪ್ರಭು ಬೋಧಿಸಿದಾಗ, ಮಕ್ಕಳೆಲ್ಲ ದೇವದೂತರೆಂದು ಆತನು ಹೇಳಲಿಲ್ಲ. ಮಕ್ಕಳೂ ಜಗಳವಾಡುತ್ತಾರೆ, ಆಟಿಕೆಯನ್ನು ಬಿಟ್ಟುಕೊಡಲು ಅಳುತ್ತಾರೆ. ಆದರೆ ಕೊಡಲು ಮನಸ್ಸಿಲ್ಲದಿದ್ದರೆ ಅತ್ತು ತೋರಿಸುತ್ತಾರೆ, ಕೊಟ್ಟ ಮೇಲೆ ಲೆಕ್ಕವಿಡುವುದಿಲ್ಲ. ನಾವಾದರೋ ನಗುತ್ತ ಕೊಡುತ್ತೇವೆ, ಲೆಕ್ಕವನ್ನು ಮನಸ್ಸಿನಲ್ಲಿ ಬರೆದಿಡುತ್ತೇವೆ. ಯಾರ ಮನೆಯಿಂದ ಏನು ಬಂತು, ಯಾರಿಗೆ ಎಷ್ಟು ಹೋಗಬೇಕು ಎಂಬ ಎಣಿಕೆ ಆರಂಭವಾದೊಡನೆ ಕಾಣಿಕೆಯು ವ್ಯಾಪಾರವಾಗುತ್ತದೆ. ಸಂತೋಷವು ಅಲ್ಲಿಯೇ ಮನೆ ಬಿಟ್ಟು ಹೋಗುತ್ತದೆ.

ಮೊಂತಿ ಹಬ್ಬವನ್ನು ನೆನೆದುಕೊಳ್ಳಿ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನಕ್ಕೆ ಮುಂಚೆ ಒಂಬತ್ತು ದಿನ ನಮ್ಮ ಮಕ್ಕಳು ಬುಟ್ಟಿ ಹಿಡಿದು ಬೇಲಿ, ಗುಡ್ಡ, ಗದ್ದೆಯ ಹುಣಿಗಳಲ್ಲಿ ಹೂ ಕೊಯ್ಯುತ್ತಾರೆ. ಅವು ಬಹುಪಾಲು ಸಂತೆಯಲ್ಲಿ ಬೆಲೆಯಿಲ್ಲದ ಹೂಗಳು. ಆದರೆ ಮಳೆಯಲ್ಲಿ ನೆನೆದು, ಮುಳ್ಳು ತಾಗಿಸಿಕೊಂಡು, ತಮ್ಮ ಕೈಯಿಂದಲೇ ಆಯ್ದು ತಂದದ್ದು. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಎಲ್ಲರೂ ಹಂಚಿಕೊಳ್ಳುತ್ತೇವೆ. ಮುಂಬಯಿಯಲ್ಲಿ, ಕೊಲ್ಲಿ ನಾಡುಗಳಲ್ಲಿ ದುಡಿಯುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸಿದ ತಾಯಂದಿರೂ ಇದ್ದಾರೆ. ಆ ನಾಲ್ಕು ಕಾಳಿಗೆ ಯಾವ ಬೆಲೆ? ಆದರೂ ಆ ಲಕೋಟೆಯನ್ನು ಒಡೆದವರು ಕಣ್ಣೀರು ಒರೆಸಿಕೊಂಡಿದ್ದಾರೆ.

ಧರ್ಮಸಭೆಯೂ ಮಕ್ಕಳ ಕಾಣಿಕೆಯನ್ನು ಹಗುರವಾಗಿ ಎಣಿಸಿಲ್ಲ. 1843ರಲ್ಲಿ ಫ್ರಾನ್ಸ್ ದೇಶದ ನಾನ್ಸಿಯ ಬಿಷಪ್ ಚಾರ್ಲ್ಸ್ ದ ಫೋರ್ಬಿನ್-ಜಾನ್ಸನ್ ಅವರು ದೂರದೇಶದ ಅನಾಥ ಶಿಶುಗಳಿಗಾಗಿ ನೆರವು ಯಾಚಿಸಿದ್ದು ಮಕ್ಕಳಲ್ಲಿಯೇ. ದಿನಕ್ಕೊಂದು ಕಿರು ಪ್ರಾರ್ಥನೆ, ತಿಂಗಳಿಗೊಂದು ಚಿಕ್ಕ ನಾಣ್ಯ: ಅವರು ಕೇಳಿದ್ದು ಇಷ್ಟೇ. ಅದರಿಂದ ಬೆಳೆದ ಪವಿತ್ರ ಬಾಲ್ಯ ಸಂಸ್ಥೆಯನ್ನು 1922ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು ತಮ್ಮ ನೇರ ಆಶ್ರಯಕ್ಕೆ ತೆಗೆದುಕೊಂಡರು. ಸಂತ ಯೊವಾನ್ನರ ಶುಭಸಂದೇಶದಲ್ಲಿ ಐದು ಸಾವಿರ ಜನರ ಹಸಿವನ್ನು ತಣಿಸಿದ ಜವೆಗೋಧಿಯ ರೊಟ್ಟಿಗಳು ಒಬ್ಬ ಹುಡುಗನ ಬಳಿಯಲ್ಲಿದ್ದವು. ಅಷ್ಟು ಜನರಿಗೆ ಇದು ಎಲ್ಲಿಗೆ ಸಾಲುತ್ತದೆಂದು ಲೆಕ್ಕ ಹಾಕಿದವನು ಪ್ರೇಷಿತ ಅಂದ್ರೆಯ. ಆ ಹುಡುಗ ಲೆಕ್ಕ ಹಾಕಿದನೆಂದು ಎಲ್ಲಿಯೂ ಬರೆದಿಲ್ಲ.

ಮುಂದಿನ ವರ್ಷ ತಟ್ಟೆ ಜೋಡಿಸುವ ಕೆಲಸವನ್ನು ನಾವು ಮೊಮ್ಮಗಳಿಗೇ ಒಪ್ಪಿಸಿದೆವು. ಆಕೆ ಎಲ್ಲ ತಟ್ಟೆಗಳಿಗೂ ಒಂದೇ ಸಮನಾಗಿ ಬಡಿಸಿದಳು. ಆ ವೃದ್ಧೆಯ ತಟ್ಟೆಯಲ್ಲಿ ಮಾತ್ರ ಮೆತ್ತಗಿನ ಕೇಕು ಹೆಚ್ಚಾಗಿತ್ತು. ಏಕೆಂದು ಕೇಳಿದಾಗ, "ಅವರಿಗೆ ಹಲ್ಲಿಲ್ಲವಲ್ಲ" ಎಂದಳು. ಅಂದು ವಿನೋದಕ್ಕೆಂದು, ನಮ್ಮ ಮಾನ ಕಾಯಲೆಂದು ಆ ತಾಯಿ ಆಡಿದ ಮಾತನ್ನು ಮಗು ನಿಜವೆಂದೇ ನಂಬಿ ಒಂದು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿತ್ತು. ಕಾಣಿಕೆಯೆಂದರೆ ಇದಲ್ಲದೆ ಬೇರೇನು? ಪಡೆಯುವವರ ಮುಖವನ್ನು ನೆನೆದು ಕೊಡುವುದು.

ಇಂದು ಕುಸ್ವಾರು ಪೊಟ್ಟಣಗಳಲ್ಲಿ ಅಂಗಡಿಗೆ ಬಂದಿದೆ. ದುಡಿಯುವ ತಾಯಂದಿರಿಗೆ ಅದು ಅನುಕೂಲವೇ. ಅದನ್ನು ನಾವು ಹಳಿಯುವುದಿಲ್ಲ. ಕೊಂಡದ್ದಾಗಲಿ, ಮನೆಯಲ್ಲಿ ಮಾಡಿದ್ದಾಗಲಿ, ಈ ಹಬ್ಬಕ್ಕೆ ಒಂದು ತಟ್ಟೆಯನ್ನಾದರೂ ಮಕ್ಕಳ ಕೈಯಿಂದ ಜೋಡಿಸಿರಿ. ಮರಳಿ ಕೊಡಲು ಏನೂ ಇಲ್ಲದವರ ಮನೆಗೆ ಅದನ್ನು ಮೊದಲು ಕಳುಹಿಸಿರಿ. ಜೊತೆಯಲ್ಲಿ ನೀವೂ ಹೋಗಿರಿ. ಮಗು ಅಲ್ಲಿ ಏನು ಹೇಳಿಬಿಡುವುದೋ ಎಂಬ ಅಂಜಿಕೆ ಇಲ್ಲದೆ ಹೊಸ್ತಿಲಲ್ಲಿ ನಿಲ್ಲಲು ಸಾಧ್ಯವಾದರೆ, ನಿಮ್ಮ ಕಾಣಿಕೆ ಶುದ್ಧವಾಗಿದೆ ಎಂದು ತಿಳಿಯಿರಿ.

ನೂರು ವರ್ಷಗಳಿಂದ ಈ ಆಲಯದ ಗೋದಲಿಯಲ್ಲಿ ಬಾಲಯೇಸು ನಮಗೆ ಕೈ ಚಾಚಿದ್ದಾನೆ. ಮುಂದಿನ ನೂರು ವರ್ಷಗಳಲ್ಲಿಯೂ ಆ ಕೈಗಳಿಗೆ ನಮ್ಮ ಮನೆಗಳಿಂದ ತುಂಡಾದದ್ದು ಹೋಗದಿರಲಿ. ಆ ವರವನ್ನು ಆತನೇ ನಮಗೆಲ್ಲ ದಯಪಾಲಿಸಲಿ.